ಅಜ್ಜನ ಬಿಲ್ಲೆಯ ಬೆನ್ನು

ಅಮ್ಮ ಆ ಡಬ್ಬಿಯನ್ನು ನನ್ನ ಕೈಗೆ ಕೊಡುವ ಹಿಂದಿನ ದಿನವೇ ಹುಣಸೆಹಣ್ಣು ನೆನೆಹಾಕಿದ್ದಳು. ತವರಿನ ಹಳೆಯ ಮನೆ ಮಾರಾಟವಾಗಿ ಅಟ್ಟದ ಸಾಮಾನು ಹಂಚಿಕೆಯಾದಾಗ ಅವಳ ಪಾಲಿಗೆ ಬಂದದ್ದು ಎರಡು ಹಿತ್ತಾಳೆ ಕೊಳಗ, ಒಂದು ಒನಕೆ ಮತ್ತು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಅವಳ ಅಪ್ಪನ ಯುದ್ಧಕಾಲದ ಸಾಮಾನು. ಅದರೊಳಗಿನ ಟೋಪಿಯ ಬಿಲ್ಲೆಯನ್ನು ತೆಂಗಿನ ನಾರಿನಿಂದ ತಿಕ್ಕಿ, ತೊಳೆದು, ಸೆರಗಿನಲ್ಲಿ ಒರೆಸಿ ನನ್ನ ಮುಂದೆ ಹಿಡಿದಳು. "ಎಷ್ಟು ಕಪ್ಪಾಗಿತ್ತು ಗೊತ್ತೇನಪ್ಪ? ಈಗ ನೋಡು, ದೇವರ ಮನೆಯ ದೀಪದ ಹಾಗಿದೆ." ನಾನೂ ಮೆಚ್ಚಿದೆ. ಆದದ್ದು ಅನಾಹುತ ಎಂದು ಗೊತ್ತಾಗಲು ನನಗೆ ಇನ್ನೂ ಕೆಲವು ತಿಂಗಳು ಬೇಕಾದವು. ಉಳಿದವಕ್ಕೆ ಹುಣಸೆಹಣ್ಣು ಸಾಲದೇ ಹೋದದ್ದು ಪುಣ್ಯ.

ಡಬ್ಬಿಯಲ್ಲಿದ್ದದ್ದು ಇಷ್ಟು. ಮೇಲೆ ಕಿರೀಟವೂ ಕೆಳಗೆ ಪಟ್ಟಿಯಲ್ಲಿ ದಳದ ಹೆಸರೂ ಇದ್ದ ಆ ಟೋಪಿಯ ಬಿಲ್ಲೆ. ಭುಜಕ್ಕೆ ಸಿಕ್ಕಿಸುವ ಹಿತ್ತಾಳೆ ಅಕ್ಷರಗಳ ಒಂದು ಜೊತೆ: ಆರ್.ಐ.ಎ.ಎಸ್.ಸಿ. ಎಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಸೈನ್ಯಕ್ಕೆ ಅಕ್ಕಿ, ಬೇಳೆ, ಪೆಟ್ರೋಲು, ಹೇಸರಗತ್ತೆಗಳಿಗೆ ಮೇವು ಮುಟ್ಟಿಸುತ್ತಿದ್ದ ದಳ. ಅಜ್ಜ ಅದರಲ್ಲಿ ಲಾರಿ ಚಾಲಕ. ಮತ್ತೆ ನಕ್ಷತ್ರದಾಕಾರದ ಎರಡು ಪದಕ, ದುಂಡನೆಯದು ಒಂದು, ನಾಲ್ಕು ಮಡಿಕೆ ಹಾಕಿದ ಡಿಸ್ಚಾರ್ಜ್ ಕಾಗದ. ಅಜ್ಜ ಹೋದಾಗ ನನಗೆ ಮೂರು ವರ್ಷ. ಅವರ ಬಾಯಿಂದ ಒಂದು ಕತೆಯನ್ನೂ ಕೇಳಿದವನಲ್ಲ. ಅಮ್ಮನಿಗೆ ಗೊತ್ತಿದ್ದದ್ದೂ ಒಂದೇ: "ಬರ್ಮಾ ಕಡೆ ಲಾರಿ ಓಡಿಸುತ್ತಿದ್ದರಂತೆ, ಜಿಗಣೆ ಬಹಳವಂತೆ."

ಬೆಲೆ ತಿಳಿಯುವ ಆಸೆ ನನಗೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಭಾನುವಾರ ಮಂಡ್ಯದಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಚಿಕ್ಕಪೇಟೆಯ ಆಸುಪಾಸಿನ ಭಾನುವಾರದ ಬಜಾರಿನಲ್ಲಿ ಹಳೆಯ ನಾಣ್ಯ, ಬೀಗ, ಗಡಿಯಾರಗಳ ನಡುವೆ ಬಿಲ್ಲೆಗಳನ್ನೂ ಹರಡಿಕೊಂಡು ಕೂತಿದ್ದ ಒಬ್ಬ ವ್ಯಾಪಾರಿಗೆ ಅಜ್ಜನ ಟೋಪಿಯ ಬಿಲ್ಲೆಯನ್ನು ತೋರಿಸಿದೆ. ಅವನು ಅದನ್ನು ಬೋರಲು ಹಾಕಿ ಒಂದು ಕ್ಷಣ ನೋಡಿ, "ಎರಕದ ಮಾಲು ಸಾರ್. ಅಸಲಿ ಆಗಿದ್ದರೆ ಅಚ್ಚು ಒತ್ತಿರಬೇಕು. ಇದು ಕಾಪಿ. ಬೇಕಾದರೆ ಮುನ್ನೂರು ಕೊಡುತ್ತೇನೆ" ಎಂದ. ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಗೋಣಿತಾಟಿನ ಅಡಿಯಿಂದ ಇನ್ನೊಂದನ್ನು ತೆಗೆದ. ಅಂಗೈಯಗಲದ ಹಿತ್ತಾಳೆಯಲ್ಲಿ ಗಂಡಭೇರುಂಡ, ಅದರ ಕೆಳಗೆ ಬಾಗಿದ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಮೈಸೂರು ಲ್ಯಾನ್ಸರ್ಸ್. "ಹೈಫಾದಲ್ಲಿ ಕುದುರೆಯ ಮೇಲೆ ಹೋದವನ ಎದೆಯ ಮೇಲಿದ್ದದ್ದು ಸಾರ್, ಅವನ ಮೊಮ್ಮಗನೇ ತಂದುಕೊಟ್ಟ."

ಹೈಫಾ ಎಂದ ಮೇಲೆ ಮೈಸೂರು ಸೀಮೆಯವನ ಜೇಬು ಬಿಚ್ಚದೆ ಇದ್ದೀತೇ? 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಈಟಿ ಕತ್ತಿಗಳನ್ನು ಹಿಡಿದು ಮೆಷಿನ್‌ಗನ್ನುಗಳ ಎದುರು ನುಗ್ಗಿ ಇಂದಿನ ಇಸ್ರೇಲಿನಲ್ಲಿರುವ ಆ ಊರನ್ನು ಹಿಡಿದದ್ದನ್ನು ನಾನೇ ಶಾಲೆಯ ಮಕ್ಕಳಿಗೆ ಹೇಳಿದ್ದೇನೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತ ಮೂವರು ಸೈನಿಕರಲ್ಲಿ ಒಬ್ಬ ನಮ್ಮವನು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕದ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ ಕತ್ತು ತಿರುಗಿಸಿ ನೋಡುತ್ತೇನೆ. ನಾಲ್ಕೂವರೆ ಸಾವಿರಕ್ಕೆ ವ್ಯಾಪಾರ ಕುದುರಿತು. ಅಜ್ಜನ ನಕಲಿಯನ್ನು ಜೇಬಿಗೆ ಹಾಕಿಕೊಂಡು, ಹೈಫಾದ ಅಸಲಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಊರಿಗೆ ಬಂದೆ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುವವನು. ಅಳೆದು ನೋಡಿ ಎಂದು ಮಕ್ಕಳಿಗೆ ವರ್ಷವಿಡೀ ಹೇಳುವವನು ಅಳೆಯದೆ ದುಡ್ಡು ಕೊಟ್ಟುಬಂದದ್ದು ಮರುದಿನ ಪ್ರಯೋಗಶಾಲೆಯ ಬೀಗ ತೆಗೆಯುವಾಗ ಚುಚ್ಚಿತು. ಎರಡನ್ನೂ ತಂದು ಮೇಜಿನ ಮೇಲಿಟ್ಟೆ. ಅಯಸ್ಕಾಂತ ಎರಡಕ್ಕೂ ಅಂಟಲಿಲ್ಲ. ಒಳಗೆ ಕಬ್ಬಿಣ ಇಲ್ಲ ಎಂದಷ್ಟೇ ಆಯಿತು. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದೆ. ಅಜ್ಜನದು ಗಾಳಿಯಲ್ಲಿ 21.4 ಗ್ರಾಂ, ನೀರಿನಲ್ಲಿ ಕಳೆದುಕೊಂಡದ್ದು 2.55. ಭಾಗಿಸಿದರೆ 8.4ರ ಹತ್ತಿರ, ಅಂದರೆ ಹಿತ್ತಾಳೆ. ಸತುವಿನ ಅಗ್ಗದ ಎರಕವಾಗಿದ್ದರೆ ಏಳರ ಆಸುಪಾಸಿಗೆ ಇಳಿಯಬೇಕಿತ್ತು. ಗಂಡಭೇರುಂಡವೂ ಹಿತ್ತಾಳೆಯೇ. ಆರ್ಕಿಮಿಡೀಸ್ ನನಗೆ ಲೋಹ ಯಾವುದೆಂದು ಹೇಳಿದನೇ ಹೊರತು ಕಾಲ ಯಾವುದೆಂದು ಹೇಳಲಿಲ್ಲ.

ಆಗ ಒಬ್ಬ ಹಿರಿಯರ ಪರಿಚಯವಾಯಿತು. ಸೈನ್ಯದಿಂದ ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದವರು, ನಲವತ್ತು ವರ್ಷದಿಂದ ಬಿಲ್ಲೆ ಕೂಡಿಸುವವರು. ಹೆಸರು ಹಾಕಬಾರದೆಂದು ಕೇಳಿಕೊಂಡಿದ್ದಾರೆ. ಮೊದಲ ಭೇಟಿಯಲ್ಲಿ ನನ್ನ ಬಿಲ್ಲೆಗಳನ್ನು ನೋಡಲೇ ಇಲ್ಲ. ಹಸಿರು ಬಟ್ಟೆ ಹಾಸಿದ ತಟ್ಟೆಯಲ್ಲಿ ತಮ್ಮವೇ ಐದು ಬಿಲ್ಲೆಗಳನ್ನಿಟ್ಟು, ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಗಾಜನ್ನು ಕೈಗೆ ಕೊಟ್ಟು, "ಇದರಲ್ಲಿ ಮೂರು ಸುಳ್ಳು, ಯಾವುವು ಹೇಳಿ ಮೇಷ್ಟ್ರೇ" ಎಂದರು. ನಾನು ಒಂದೊಂದನ್ನೂ ಎತ್ತಿ ಮುಖ ನೋಡತೊಡಗಿದೆ. ಅವರು ನಕ್ಕರು. "ಎತ್ತು ಕೊಳ್ಳುವಾಗ ನಿಮ್ಮ ಕಡೆ ಹಲ್ಲು ಹಿಡಿದು ನೋಡುತ್ತಾರಲ್ಲ? ಕೊಂಬಿನ ಬಣ್ಣ ನೋಡಿಕೊಂಡು ಕೂತರೆ ಆಯಿತೇ? ತಿರುಗಿಸಿ."

ಅಲ್ಲಿಂದ ನನ್ನ ಪಾಠ ಬಿಲ್ಲೆಯ ಬೆನ್ನಿನ ಮೇಲೆ ನಡೆಯಿತು. ಇಂಗ್ಲೆಂಡಿನಲ್ಲಿ ಟೋಪಿಯ ಬಿಲ್ಲೆಗಳನ್ನು ಡೈ ಎಂದು ಕರೆಯುವ ಉಕ್ಕಿನ ಅಚ್ಚಿನಲ್ಲಿ ಲೋಹದ ಹಾಳೆ ಇಟ್ಟು ಒತ್ತಿ ಮಾಡುತ್ತಿದ್ದರು. ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿ ಕಾಣುತ್ತದೆ, ಗೆರೆಗಳು ಬ್ಲೇಡಿನಲ್ಲಿ ಕೊಯ್ದ ಹಾಗೆ ಇರುತ್ತವೆ. ಎರಕ ಹೊಯ್ದದ್ದರ ಬೆನ್ನು ಚಪ್ಪಟೆ ಅಥವಾ ದೊರಗು, ಗೆರೆಗಳು ಸಾಬೂನಿನ ಮೇಲಿನ ಅಕ್ಷರದ ಹಾಗೆ ಮೊಂಡು. ಗಾಜಿನಲ್ಲಿ ನೋಡಿದರೆ ಸೂಜಿಮೊನೆಯಂಥ ರಂಧ್ರಗಳು. ಅಂಚಿನಲ್ಲಿ ಅರ ಹಾಕಿದ ಗೀರು. ಒಂದು ಅಸಲಿಯನ್ನೇ ಮಾದರಿಯಾಗಿಟ್ಟು ಎರಕ ತೆಗೆದರೆ ಲೋಹ ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. 45 ಮಿಲಿಮೀಟರಿನದು ಸುಮಾರು 0.7 ಮಿಲಿಮೀಟರಿನಷ್ಟು ಗಿಡ್ಡವಾಗುತ್ತದೆ. ವರ್ನಿಯರ್ ಕ್ಯಾಲಿಪರ್ ಹಿಡಿದು ಅನ್ನ ತಿನ್ನುವವನಿಗೆ ಇದು ಹಬ್ಬದ ಮಾತು.

ಆದರೂ ಐದರಲ್ಲಿ ಎರಡನ್ನು ತಪ್ಪಾಗಿ ಹೇಳಿದೆ. ಒಂದರ ಹಿಂದೆ ಟೋಪಿಗೆ ತೂರಿಸುವ ಪಟ್ಟಿಯ ಮೇಲೆ ಜೆ. ಆರ್. ಗಾಂಟ್, ಲಂಡನ್ ಎಂಬ ತಯಾರಕರ ಮುದ್ರೆ ಇತ್ತು. ಮುದ್ರೆಯಿದ್ದ ಮೇಲೆ ಮಾತೇನು ಎಂದು ಅಸಲಿಯ ಸಾಲಿಗೆ ಸರಿಸಿದೆ. ಹೆಸರುವಾಸಿ ತಯಾರಕರಾದ್ದರಿಂದಲೇ ನಕಲಿ ಮಾಡುವವರು ಮೊದಲು ಆ ಮುದ್ರೆಯನ್ನೇ ಮಾಡಿಟ್ಟುಕೊಳ್ಳುತ್ತಾರಂತೆ. ಇನ್ನೊಂದು ಅಚ್ಚುಕಟ್ಟಾದ ಒತ್ತಚ್ಚು. ಹಳೆಯ ಡೈ ಸವೆಯದೆ ಉಳಿದಿದ್ದರೆ ಯುದ್ಧ ಮುಗಿದು ದಶಕಗಳಾದ ಮೇಲೆ ಸಂಗ್ರಾಹಕರಿಗಾಗಿ ಅದರಲ್ಲೇ ಮತ್ತೆ ಒತ್ತುವುದುಂಟು. ಅಚ್ಚು ಅದೇ, ಗೆರೆ ಅದೇ. ಯಾವ ಸೈನಿಕನ ಟೋಪಿಯನ್ನೂ ಕಂಡಿಲ್ಲ, ಅಷ್ಟೇ. ಅದನ್ನು ಸುಳ್ಳು ಎನ್ನಬೇಕೋ ಬೇಡವೋ ಎಂಬುದು ಕೂಡಿಸುವವರಲ್ಲೇ ಮುಗಿಯದ ಜಗಳ. ನನ್ನ ಪ್ರಕಾರ ಸುಳ್ಳಲ್ಲ, ಯುದ್ಧಕಾಲದ್ದು ಎಂದು ಹೇಳಿ ಮಾರಿದ ಕ್ಷಣ ಸುಳ್ಳು.

ಕಿರೀಟದ ಪಾಠ ಮಾತ್ರ ಬಲು ಸೊಗಸಾಗಿತ್ತು. 1901ರಿಂದ ಆರನೆಯ ಜಾರ್ಜ್ ತೀರಿಕೊಂಡ 1952ರವರೆಗೆ ಬ್ರಿಟಿಷ್ ಬಿಲ್ಲೆಗಳ ಮೇಲೆ ಇದ್ದದ್ದು ರಾಜನ ಕಿರೀಟ ಎಂದು ಕರೆಯುವ ಆಕಾರ. ಅದರ ಕಮಾನುಗಳು ಮಡಕೆಯ ಬೆನ್ನಿನಂತೆ ದುಂಡಗೆ ಮೇಲೇರುತ್ತವೆ. ಎಲಿಜಬೆತ್ ಬಂದ ಮೇಲೆ ಆಕಾರ ಬದಲಾಯಿತು. ಕಮಾನುಗಳು ನಡುವೆ ತಗ್ಗಿ ಎರಡು ಭುಜಗಳಂತೆ ಕಾಣುತ್ತವೆ. ಎರಡನೆಯ ಮಹಾಯುದ್ಧದ್ದೆಂದು ಹೇಳಿದ ಬಿಲ್ಲೆಯ ಮೇಲೆ ಆ ತಗ್ಗು ಕಂಡರೆ ಕೈಮುಗಿದು ಎದ್ದುಬರಬಹುದು. ಭಾರತದ ದಳದ ಬಿಲ್ಲೆಯಾದರೆ ಇನ್ನೂ ಗಟ್ಟಿ. ನಾವು 1950ರ ಜನವರಿಯಲ್ಲೇ ಗಣರಾಜ್ಯವಾಗಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳನ್ನು ತಂದುಕೊಂಡಿದ್ದೆವು. ಎಲಿಜಬೆತ್ ಪಟ್ಟಕ್ಕೆ ಬಂದದ್ದು ಎರಡು ವರ್ಷದ ಅನಂತರ. ಹಾಗಿದ್ದರೂ ರಾಣಿಯ ಕಿರೀಟ ಹೊತ್ತ ಇಂಡಿಯನ್ ಆರ್ಮಿ ಬಿಲ್ಲೆಯೊಂದನ್ನು ಹಿರಿಯರು ತೋರಿಸಿದರು. ಮಾಡಿದವನಿಗೆ ಲೋಹ ಗೊತ್ತಿತ್ತು, ಇತಿಹಾಸ ಗೊತ್ತಿರಲಿಲ್ಲ. ಈಗ ಮೂರನೆಯ ಚಾರ್ಲ್ಸ್ ತನ್ನ ಮುದ್ರೆಗೆ ಮತ್ತೆ ದುಂಡನೆಯ ಕಿರೀಟವನ್ನೇ ಆರಿಸಿಕೊಂಡಿರುವುದರಿಂದ ಈ ಪಾಠವೂ ಮುಂದಿನವರಿಗೆ ಗೋಜಲಾಗಲಿದೆ.

ಅಜ್ಜನ ಬಿಲ್ಲೆಯ ಕಿರೀಟ ದುಂಡನೆಯದು. ಆ ಪರೀಕ್ಷೆಯಲ್ಲಿ ಪಾಸು. ಉಳಿದ ಎಲ್ಲದರಲ್ಲೂ ನಪಾಸು: ಎರಕ, ಮೊಂಡು ಗೆರೆ, ರಂಧ್ರ, ಅರದ ಗೀರು, ಕೈಯಲ್ಲಿ ಬಗ್ಗಿಸಿದ ತಂತಿಯ ಕೊಂಡಿಗಳು. ಹಿರಿಯರು ಬಹಳ ಹೊತ್ತು ನೋಡಿ ತೀರ್ಪು ಕೊಡಲಿಲ್ಲ. "ಲಂಡನ್ನಿನ ಅಳತೆಗೋಲು ಇಲ್ಲಿಗೆ ಪೂರ್ತಿ ಒಗ್ಗುವುದಿಲ್ಲ. ನಿಮ್ಮ ಊರ ಹತ್ತಿರವೇ ಎರಕದವರು ಇದ್ದಾರಲ್ಲ, ಒಮ್ಮೆ ಅವರ ಕೈಗೆ ಕೊಟ್ಟು ನೋಡಿ" ಎಂದರು.

ನಾಗಮಂಗಲ ನಮ್ಮ ಜಿಲ್ಲೆಯಲ್ಲೇ ಲೋಹದ ವಿಗ್ರಹ, ದೀಪಗಳಿಗೆ ಹೆಸರಾದ ಊರು. ಅಲ್ಲಿ ಒಬ್ಬ ವಯಸ್ಸಾದ ಕಸುಬುದಾರರು ಅಂಗಳದಲ್ಲಿ ಕೂತು ಗಂಟೆಯೊಂದಕ್ಕೆ ಅರ ಹಾಕುತ್ತಿದ್ದರು. ಗಾಜು ತೆಗೆಯಲು ಹೋದೆ, ಬೇಡ ಎಂದರು. ಅಜ್ಜನ ಬಿಲ್ಲೆಯ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ, ಅಂಚನ್ನು ಉಗುರಿನಿಂದ ಕೆರೆದು, ಕೊಂಡಿಯನ್ನು ಮೀಟಿದರು.

"ಮರಳಚ್ಚಿನ ಎರಕ ಸ್ವಾಮಿ. ಒಂದೊಂದಾಗಿ ಹೊಯ್ದದ್ದಲ್ಲ, ಸಾಲಾಗಿ ಹತ್ತೋ ಹದಿನೈದೋ ಒಟ್ಟಿಗೆ. ಇಲ್ಲಿ ನೋಡಿ, ಲೋಹ ಹರಿದ ಬಾಲ ಕಡಿದು ಅರ ಹಾಕಿದ್ದಾರೆ. ಅವಸರದ ಕೆಲಸ. ಆದರೆ ಕೊಂಡಿಗೆ ಹಿತ್ತಾಳೆ ಬೆಸುಗೆ ಕೊಟ್ಟಿದ್ದಾರೆ. ಇದನ್ನು ದಿನಾ ಹಾಕಿ ಬಿಚ್ಚುತ್ತಾರೆ ಎಂದು ಗೊತ್ತಿದ್ದವನು ಮಾತ್ರ ಅಷ್ಟು ಬೆಂಕಿ ಖರ್ಚು ಮಾಡುತ್ತಾನೆ."

"ಎಷ್ಟು ವರ್ಷದ್ದು ಅಜ್ಜ?"

"ವರ್ಷ ನನಗೇನು ಗೊತ್ತು? ಅರದ ಗೀರನ್ನು ಕೇಳಿ."

ಅರದ ಗೀರನ್ನು ಕೇಳುವುದೆಂದರೇನು ಎಂದು ಗೊತ್ತಾದದ್ದು ಮನೆಗೆ ಬಂದು ಕಿಟಕಿಯ ಬಳಿ ಓರೆ ಬಿಸಿಲಿನಲ್ಲಿ ಬಿಲ್ಲೆಯನ್ನು ಹಿಡಿದಾಗ. ಎಡಗಡೆಯ ಅಂಚಿನಲ್ಲಿ ಗೀರುಗಳು ಉಳುಮೆಯ ಸಾಲಿನಂತೆ ಸ್ಪಷ್ಟವಾಗಿದ್ದವು. ಬಲಗಡೆ, ಕಿರೀಟದ ಬುಡದಿಂದ ಕೆಳಗೆ, ಅವೇ ಗೀರುಗಳು ಮಾಸಿ ನುಣುಪಾಗಿದ್ದವು. ಬಲಗೈಯ ಹೆಬ್ಬೆರಳು ಬಟ್ಟೆ ಒತ್ತಿ ದಿನಾ ಉಜ್ಜಿದ ಕಡೆ ಅದು. ಅಂದರೆ ಮೊದಲು ಎರಕ, ಆಮೇಲೆ ಅರ, ಆಮೇಲೆ ಸವೆತ. ಸವೆದ ಒಂದು ಬಿಲ್ಲೆಯನ್ನು ಮಾದರಿಯಾಗಿಟ್ಟು ಈಗ ಎರಕ ತೆಗೆದಿದ್ದರೆ ಕ್ರಮ ತಿರುಗುಮುರುಗಾಗುತ್ತಿತ್ತು: ಸವೆತವೇ ಎರಕದಲ್ಲಿ ಬಂದು, ಅದರ ಮೇಲೆ ಹರಿತ ಬಾಯಿಯ ರಂಧ್ರಗಳೂ ಹೊಸ ಅರದ ಗೀರುಗಳೂ ಕೂತಿರುತ್ತಿದ್ದವು. ಇಲ್ಲಿ ರಂಧ್ರಗಳ ಬಾಯಿ ಕೂಡ ಸವೆದು ದುಂಡಗಾಗಿತ್ತು. ಕೊಂಡಿಯ ಒಳಮೈಯಲ್ಲಿ, ಬಿಲ್ಲೆಯನ್ನು ಟೋಪಿಗೆ ಹಿಡಿಸುವ ಕಾಟರ್ ಪಿನ್ನು ತೂರುವ ಜಾಗದಲ್ಲಿ, ತಂತಿ ತೆಳ್ಳಗಾಗಿ ಒಂದು ತಗ್ಗು ಬಿದ್ದಿತ್ತು. ಬಾವಿಯ ಕಟ್ಟೆಯ ಮೇಲೆ ಹಗ್ಗ ಕೊರೆದ ಗುರುತಿನಂಥದು. ಅದನ್ನು ಆಮ್ಲ ಹಾಕಿ ಒಂದು ಸಂಜೆಯಲ್ಲಿ ಮಾಡುವುದಕ್ಕೆ ಆಗುವುದಿಲ್ಲ.

ಇನ್ನು ಕಿಲುಬು. ಹಿತ್ತಾಳೆಗೆ ಹಸಿರು ಬರಿಸುವುದು ಕಷ್ಟವಲ್ಲ. ಅಮೋನಿಯದ ಹಬೆಗೆ ಒಡ್ಡಿದರೆ, ಉಪ್ಪು ಹುಳಿ ಸವರಿ ತಿಪ್ಪೆಯಲ್ಲಿ ಹೂತಿಟ್ಟರೆ ಕೆಲವು ವಾರಕ್ಕೆ ಅಜ್ಜಿಯ ಕಾಲದ್ದಾಗುತ್ತದೆ. ಆದರೆ ಅಂಥ ಹಸಿರು ಮೈಯೆಲ್ಲ ಒಂದೇ ಸಮ ಹಬ್ಬುತ್ತದೆ. ಬಳಸಿದ ವಸ್ತುವಿನಲ್ಲಿ ಉಬ್ಬಿದ್ದೆಲ್ಲ ಬೆಳಗಿ ಬೆಳಗಿ ಬೆಳ್ಳಗಾಗಿ, ಸಂದಿಗಳಲ್ಲಿ ಪಾಲಿಶ್ ಪುಡಿ, ಬೆವರು, ಧೂಳು ಪದರ ಪದರವಾಗಿ ಕೂರುತ್ತದೆ. ಟೋಪಿಯ ಬಿಲ್ಲೆಯ ಮುಖದಲ್ಲಿ ಇದರ ಗುರುತೇ ಇರಲಿಲ್ಲ. ಎಂಟು ದಶಕದ ಸಾಕ್ಷಿಯನ್ನು ಅಮ್ಮನ ಹುಣಸೆಹಣ್ಣು ಅರ್ಧ ಗಂಟೆಯಲ್ಲಿ ತೊಳೆದುಹಾಕಿತ್ತು. ಕೊಂಡಿಯ ಬುಡದ ಮೂಲೆಗೆ ಮಾತ್ರ ನಾರು ಹೋಗಿರಲಿಲ್ಲ. ಅಲ್ಲಿ ಒಣಗಿದ ಪಾಲಿಶಿನ ತಿಳಿಹಸಿರು ಗಟ್ಟಿಯಾಗಿ, ಬಳಪದ ಹಾಗೆ ಕೂತಿತ್ತು. ತೊಳೆಯದೆ ಉಳಿದಿದ್ದ ಭುಜದ ಅಕ್ಷರಗಳ ಸಂದಿಯಲ್ಲಿಯೂ ಅದೇ ಹಸಿರು, ಅದೇ ಗಟ್ಟಿ. ಅಂಚಿನಲ್ಲಿ ಅದೇ ಅಗಲದ ಅರದ ಗೀರು.

ಹಿರಿಯರಿಗೆ ಫೋನು ಮಾಡಿದೆ. ಆಗ ಅವರು ಬಾಯಿ ಬಿಟ್ಟರು. ಯುದ್ಧ ಶುರುವಾದಾಗ ಸುಮಾರು ಎರಡು ಲಕ್ಷವಿದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ 25 ಲಕ್ಷಕ್ಕೆ ಬೆಳೆದಿತ್ತು. ಅಷ್ಟು ತಲೆಗಳಿಗೆ ಲಂಡನ್ನಿನಿಂದ ಹಡಗಿನಲ್ಲಿ ಬಿಲ್ಲೆ ತರಿಸುವವರು ಯಾರು? ಇಲ್ಲಿನ ಹಿತ್ತಾಳೆ ಕೆಲಸದವರೇ ಮಾದರಿ ನೋಡಿ ಎರಕ ಹೊಯ್ದು ಕೊಟ್ಟರು. ಆದ್ದರಿಂದ ಯುದ್ಧಕಾಲದ ಭಾರತದ ಬಿಲ್ಲೆಗಳಲ್ಲಿ ಎರಕ ಎಂಬುದು ಸುಳ್ಳಿನ ಗುರುತಾಗಲಾರದು. ಆ ಬಡ ಇಂಗ್ಲೆಂಡಿನಲ್ಲಿಯೇ ಲೋಹ ಸಾಲದೆ 1942ರ ಸುಮಾರಿಗೆ ಕಂದು ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಬಿಲ್ಲೆ ಒತ್ತಿದರು. ಇಂದು ಆಟದ ಸಾಮಾನಿನಂತೆ ಕಾಣುವ ಅವು ಅಪ್ಪಟ ಅಸಲಿ. ನನ್ನ ಕ್ಯಾಲಿಪರ್ ಕೂಡ ಮಾನ ಕಳೆದುಕೊಂಡಿತು: ಇಲ್ಲಿನವರು ಒತ್ತಚ್ಚಿನ ಬಿಲ್ಲೆಯನ್ನೇ ಮರಳಿನಲ್ಲಿ ಒತ್ತಿ ಎರಕ ತೆಗೆದಿದ್ದರೆ ಅಸಲಿಯೂ ಆ 0.7 ಮಿಲಿಮೀಟರು ಗಿಡ್ಡವೇ.

"ಹಾಗಿದ್ದರೆ ಮೊದಲೇ ಏಕೆ ಹೇಳಲಿಲ್ಲ ಸಾರ್?" ಎಂದೆ.

"ಹೇಳಿದ್ದರೆ ಇನ್ನು ಮುಂದೆ ಎರಕ ಕಂಡಲ್ಲೆಲ್ಲ ಅಸಲಿ ಎಂದು ಕೊಂಡುಬರುತ್ತಿದ್ದಿರಿ."

ಇಷ್ಟಾದ ಮೇಲೆ ಗಂಡಭೇರುಂಡದ ಸರದಿ. ಅದನ್ನು ಪರೀಕ್ಷಿಸಲು ನನಗೆ ಧೈರ್ಯ ಸಾಲದೆ ಮುಂದಕ್ಕೆ ಹಾಕುತ್ತ ಬಂದಿದ್ದೆ ಎಂಬುದೇ ನಿಜ. ಕೊನೆಗೆ ಅದರ ಗುಟ್ಟು ಹೊರಬಿದ್ದದ್ದು ಭೂತಗನ್ನಡಿಯಿಂದಲ್ಲ, ಯುಗಾದಿಗೆ ಬಂದಿದ್ದ ದೊಡ್ಡಪ್ಪನಿಂದ. ರೆವಿನ್ಯೂ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹೋಳಿಗೆ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಮೇಜಿನ ಮೇಲಿದ್ದದ್ದನ್ನು ಕೈಗೆತ್ತಿಕೊಂಡು, "ಇದು ಎಲ್ಲಿ ಸಿಕ್ಕಿತೋ ನಿನಗೆ? ನಮ್ಮ ಕಚೇರಿಯ ಜವಾನನ ಡವಾಲಿಯ ಬಿಲ್ಲೆ ಇದ್ದ ಹಾಗಿದೆಯಲ್ಲ" ಎಂದರು. ಲ್ಯಾನ್ಸರ್ಸ್ ಎಂಬ ಅಕ್ಷರ ತೋರಿಸಿದೆ. "ಅದೇನೋ ಗೊತ್ತಿಲ್ಲಪ್ಪ. ಅಂಥದ್ದನ್ನು ಎದೆಗೆ ಅಡ್ಡಲಾಗಿ ಹಾಕಿಕೊಂಡು ನಮ್ಮ ಜವಾನ ಸಾಹೇಬರ ಬಾಗಿಲಲ್ಲಿ ನಿಲ್ಲುತ್ತಿದ್ದ. ಹೈಫಾಕ್ಕೆ ಹೋದದ್ದು ನಾನಂತೂ ಕೇಳಿಲ್ಲ."

ಮನೆಯೆಲ್ಲ ನಕ್ಕಿತು. ಅವರು ಹೋದ ಮೇಲೆ ನಾನು ಬಿಲ್ಲೆಯನ್ನು ಬೋರಲು ಹಾಕಿದೆ. ಹತ್ತಿಯ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಪಟ್ಟಿ ಕೂಡಿದ ಕಡೆಯ ಹಸಿರನ್ನು ಒರೆಸಿದೆ. ಕಿಲುಬು ಸ್ಪಿರಿಟ್ಟಿಗೆ ಬಿಡುವುದಿಲ್ಲ. ಇದು ಹತ್ತಿಗೆ ಅಂಟಿಕೊಂಡು ಬಂತು. ಹಸಿರು ಬಣ್ಣ. ಅದರ ಅಡಿಯಲ್ಲಿ ತವರ ಸೀಸದ ಬೆಳ್ಳನೆಯ ಬೆಸುಗೆ, ರೇಡಿಯೋ ರಿಪೇರಿಯವರು ಹಾಕುವಂಥದು. ಅಕ್ಷರದ ಪಟ್ಟಿಯನ್ನು ಈಚೆಗೆ ತಂದು ಅಂಟಿಸಿದ್ದರು. ಹಕ್ಕಿಯ ಎರಡು ರೆಕ್ಕೆಗಳ ಹಿಂದೆ ದುಂಡನೆಯ ಎರಡು ಮಚ್ಚೆ: ಚರ್ಮದ ಪಟ್ಟಿಗೆ ಸಿಕ್ಕಿಸುತ್ತಿದ್ದ ಹಳೆಯ ಕಾಲುಗಳನ್ನು ಅರ ಹಾಕಿ ತೆಗೆದ ಜಾಗ. ಅವುಗಳ ಸುತ್ತ ನಿಜವಾದ ಹಳೆಯ ಕಿಲುಬು. ಹಕ್ಕಿ ಅಸಲಿಯೇ, ಬೆಲೆಯಿದ್ದದ್ದು ಮಾತ್ರ ಪಟ್ಟಿಗೆ. ಗಂಡಭೇರುಂಡ ಸಂಸ್ಥಾನದ ಲಾಂಛನ. ಅರಮನೆಯಲ್ಲಿ ಇತ್ತು, ಕಚೇರಿಯಲ್ಲಿ ಇತ್ತು, ಇಂದಿಗೂ ನಮ್ಮ ಸರ್ಕಾರದ ಮುದ್ರೆಯಲ್ಲಿ, ಸಾರಿಗೆ ಸಂಸ್ಥೆಯ ಬಸ್ಸಿನ ಮೇಲೆ ಇದೆ. ಅದೊಂದನ್ನು ನೋಡಿ ಕುದುರೆಯನ್ನೂ ಈಟಿಯನ್ನೂ ಕಲ್ಪಿಸಿಕೊಂಡವನು ನಾನು. ವ್ಯಾಪಾರಿಯನ್ನು ಅಷ್ಟಾಗಿ ಬೈಯಲಾರೆ. ಹೈಫಾ ಎಂದಾಗ ನನ್ನ ಕಣ್ಣು ಅರಳಿದ್ದನ್ನು ನೋಡಿ ಅವನು ಬೆಲೆ ಕಟ್ಟಿದ.

ಬಟ್ಟೆಯ ಬಿಲ್ಲೆಗಳ ಗೊಡವೆಗೆ ನಾನು ಹೆಚ್ಚು ಹೋಗಲಿಲ್ಲ. ಹಿರಿಯರ ಬಳಿ ಹದಿನಾಲ್ಕನೆಯ ಸೇನೆಯ ತೋಳುಗುರುತು ಒಂದಿತ್ತು: ಕೆಂಪು ಗುರಾಣಿಯ ಮೇಲೆ ಕೆಳಮುಖವಾದ ಕತ್ತಿ. ಕತ್ತಿ ಕೆಳಮುಖವಾಗಿರುವುದು ಲಾಂಛನಶಾಸ್ತ್ರಕ್ಕೆ ವಿರುದ್ಧವಾದರೂ ಬರ್ಮಾವನ್ನು ಉತ್ತರದಿಂದ ಕೆಳಗೆ ಗೆದ್ದುಕೊಂಡು ಬರಬೇಕಿದ್ದುದರಿಂದ ಸೇನಾಪತಿ ಸ್ಲಿಮ್ ಹಾಗೆಯೇ ಬರೆದನಂತೆ. ಕಳ್ಳನೋಟು ನೋಡುವ ನೀಲಿ ದೀಪವನ್ನು ಅದರ ಮೇಲೆ ಬಿಟ್ಟರೆ ದಾರ ಹೊಳೆಯಬಾರದು. ಹೊಳೆದರೆ ಯುದ್ಧಾನಂತರದ ದಾರ. ಹಾಗೆಂದು ನಂಬಿಕೊಂಡು ಅವರು ಒಮ್ಮೆ ಒಳ್ಳೆಯದೊಂದನ್ನು ಬಿಟ್ಟುಬಂದಿದ್ದರು. ಮನೆಯವರು ಅದನ್ನು ಬಟ್ಟೆಯ ಪುಡಿ ಹಾಕಿ ಒಗೆದಿದ್ದರೆ ಪುಡಿಯಲ್ಲಿರುವ ಹೊಳಪೇ ದೀಪಕ್ಕೆ ಕಾಣುತ್ತದೆ. ಅವರ ಮನೆಯ ಸಾಬೂನು, ನಮ್ಮ ಮನೆಯ ಹುಣಸೆಹಣ್ಣು.

ಪದಕಗಳನ್ನು ಕೊನೆಗೆ ಎತ್ತಿಕೊಂಡೆ. ಅವುಗಳಲ್ಲಿ ಲೋಹಕ್ಕಿಂತ ನಿಯಮ ಮುಖ್ಯ. ಅದೇ ಬಜಾರಿಗೆ ಇನ್ನೊಮ್ಮೆ ಹೋದಾಗ ಗಾಜಿನ ಚೌಕಟ್ಟಿನಲ್ಲಿ ಒಬ್ಬನೇ ಸೈನಿಕನದೆಂದು ಮೂರು ನಕ್ಷತ್ರ ಪದಕಗಳನ್ನಿಟ್ಟಿದ್ದರು: 1939-45 ಸ್ಟಾರ್, ಬರ್ಮಾ ಸ್ಟಾರ್, ಪೆಸಿಫಿಕ್ ಸ್ಟಾರ್. ಒಬ್ಬನಿಗೆ ಬರ್ಮಾ ಮತ್ತು ಪೆಸಿಫಿಕ್ ಎರಡೂ ನಕ್ಷತ್ರ ಸಿಗುವುದಿಲ್ಲ. ಮೊದಲನೆಯದು ಸಿಕ್ಕಿದ್ದರೆ ಎರಡನೆಯದಕ್ಕೆ ಪಟ್ಟಿಯ ಮೇಲೆ ಒಂದು ಲೋಹದ ತುಣುಕು ಅಷ್ಟೇ. ಭೂತಗನ್ನಡಿ ಜೇಬಿನಿಂದ ತೆಗೆಯುವ ಕೆಲಸವೇ ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಹೇಳಿದ್ದರೆ ಮುಂದಿನ ವಾರ ಚೌಕಟ್ಟನ್ನು ಸರಿಮಾಡಿ ಇಡುತ್ತಿದ್ದರು.

ಬ್ರಿಟಿಷ್ ಸೈನಿಕರಿಗೆ ಕೊಟ್ಟ ಎರಡನೆಯ ಮಹಾಯುದ್ಧದ ನಕ್ಷತ್ರಗಳ ಮೇಲೆ ಹೆಸರು ಇರುತ್ತಿರಲಿಲ್ಲ. ಭಾರತೀಯರಿಗೆ ಕೊಟ್ಟವುಗಳ ಮೇಲೆ ಕೆತ್ತಿ ಕೊಡುತ್ತಿದ್ದರು. ಅಜ್ಜನ ಎರಡು ನಕ್ಷತ್ರಗಳ ಬೆನ್ನಿನಲ್ಲೂ ಸಂಖ್ಯೆ, ಹುದ್ದೆ, ಹೆಸರು, ದಳ ಇದ್ದವು. ಡಿಸ್ಚಾರ್ಜ್ ಕಾಗದದ ಸಂಖ್ಯೆಗೆ ಅಕ್ಷರಶಃ ಹೊಂದಿದವು. ಹೆಸರಿನ ಇಂಗ್ಲಿಷ್ ಕಾಗುಣಿತ ಮಾತ್ರ ಕಾಗದದಲ್ಲಿ ಒಂದು, ಪದಕದಲ್ಲಿ ಇನ್ನೊಂದು. ನಮ್ಮ ಹೆಸರುಗಳನ್ನು ಬರೆದುಕೊಂಡ ಗುಮಾಸ್ತರು ಎಲ್ಲಿಯವರೋ. ಬಣ್ಣದ ಪಟ್ಟಿಗಳು ಹುಳು ತಿಂದಿದ್ದರೂ ಬರ್ಮಾ ಸ್ಟಾರಿನ ನಡುವಿನ ಅಗಲ ಕೆಂಪೂ ಎರಡು ಬದಿಯ ನೀಲಿಯೊಳಗಿನ ಕಿತ್ತಳೆ ಗೆರೆಯೂ ಉಳಿದಿದ್ದವು.

ದುಂಡನೆಯ ಪದಕ 1939-45ರ ವಾರ್ ಮೆಡಲ್. ಒಂದು ಕಡೆ ಕಿರೀಟ ಧರಿಸಿದ ಆರನೆಯ ಜಾರ್ಜ್, ಇನ್ನೊಂದು ಕಡೆ ಎರಡು ತಲೆಯ ಮೃಗವನ್ನು ತುಳಿದು ನಿಂತ ಸಿಂಹ. ಎರಡು ತಲೆಯೆಂದರೆ ನಮ್ಮಲ್ಲಿ ಕಿರೀಟದ ಮೇಲೆ, ಅವರಲ್ಲಿ ಕಾಲ ಕೆಳಗೆ ಎಂದು ನನ್ನಷ್ಟಕ್ಕೆ ನಕ್ಕು ಅಂಚನ್ನು ಬೆಳಕಿಗೆ ಹಿಡಿದೆ. ಅದೇ ದಳ, ಚಾಲಕ. ಸಂಖ್ಯೆ ಬೇರೆ. ಹೆಸರೂ ಬೇರೆ.

ಅಂಚನ್ನು ಅಳಿಸಿ ಮತ್ತೆ ಕೆತ್ತಿದರೆ ಅಲ್ಲಿ ಪದಕ ಕೂದಲೆಳೆಯಷ್ಟು ತೆಳ್ಳಗಾಗುತ್ತದೆ. ಎಂಟು ಕಡೆ ಅಳೆದೆ. ಎಲ್ಲ ಕಡೆ ಒಂದೇ. ಪದಕ ಅಸಲಿ, ಹೆಸರು ಅಸಲಿ, ಮನುಷ್ಯ ನಮ್ಮವನಲ್ಲ. ಅಮ್ಮನನ್ನು ಕೇಳಿದೆ. ಆ ಹೆಸರು ಅವಳು ಕೇಳಿಲ್ಲ. "ನಿನ್ನ ಅಜ್ಜನ ಜೊತೆಯವರು ಯಾರೋ ಮಳವಳ್ಳಿ ಕಡೆಯಿಂದ ಒಮ್ಮೊಮ್ಮೆ ಬರುತ್ತಿದ್ದರು. ಇಬ್ಬರೂ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದರು, ಮಾತೇ ಆಡುತ್ತಿರಲಿಲ್ಲ" ಎಂದಷ್ಟೇ ನೆನಪಿಸಿಕೊಂಡಳು.

ಯುದ್ಧದಲ್ಲಿ ಸತ್ತವರ ಪಟ್ಟಿಯನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎಲ್ಲರಿಗೂ ತೆರೆದಿಟ್ಟಿದೆ. ರಂಗೂನಿನ ಹತ್ತಿರದ ತೌಕ್ಯಾನ್‌ನಲ್ಲಿ ಸಮಾಧಿಯೇ ಗೊತ್ತಿಲ್ಲದ ಸುಮಾರು 27,000 ಜನರ ಹೆಸರನ್ನು ಕಂಬಗಳ ಮೇಲೆ ಕೆತ್ತಿದ್ದಾರೆ. ಪಕ್ಕದಲ್ಲಿ ಚಿತೆಯೇರಿದ ಸಾವಿರಕ್ಕೂ ಹೆಚ್ಚು ಮಂದಿಗೆ ಬೇರೆಯೇ ಸ್ಮಾರಕವಿದೆ. ಸಂಖ್ಯೆ ಹಾಕಿ ಹುಡುಕಿದೆ. ಹೆಸರನ್ನು ನಾಲ್ಕಾರು ಕಾಗುಣಿತದಲ್ಲಿ ಬರೆದು ಹುಡುಕಿದೆ. ಆ ಮನುಷ್ಯ ಅಲ್ಲಿ ಇಲ್ಲ.

ಹಾಗಾದರೆ ಬದುಕಿ ಊರಿಗೆ ಬಂದಿರಬೇಕು. ಅವನ ಮನೆಯ ಅಟ್ಟದ ಮೇಲೂ ಒಂದು ಡಬ್ಬಿ ಇರಬಹುದು, ಅದರಲ್ಲಿ ಸಿಂಹ ನಿಂತ ದುಂಡನೆಯ ಪದಕ, ಅಂಚಿನ ಮೇಲೆ ನನ್ನ ಅಜ್ಜನ ಹೆಸರು. ಅವರ ಮನೆಯಲ್ಲಿ ಯಾರಾದರೂ ಹುಣಸೆಹಣ್ಣು ಹಚ್ಚಿದ್ದರೆ ಅಂಚಿನ ಅಕ್ಷರಗಳಿಗೆ ಏನೂ ಆಗುವುದಿಲ್ಲ. ಕೆತ್ತಿರುವುದು ಆಳವಾಗಿಯೇ ಇದೆ.